ಸೂಜಿ, ಸೊಪ್ಪು ಮತ್ತು ಸ್ತ್ರೀ ಆರೋಗ್ಯ: ಒಂದು ವಿಮರ್ಶೆ

ಅಕ್ಯುಪಂಕ್ಚರ್ ಎಂಬ ಹೆಸರು ಮುಂಬಯಿಯ ಕನ್ನಡಿಗರಿಗೆ ಹೊಸದೇನಲ್ಲ. ಮುಟ್ಟಿನ ನೋವು, ಮಕ್ಕಳಾಗದಿರುವುದು, ಮುಟ್ಟು ನಿಲ್ಲುವ ವಯಸ್ಸಿನ ಬಿಸಿ-ಬೆವರು, ಹೆರಿಗೆಯ ನಂತರದ ಸೊಂಟನೋವು, ಹೀಗೆ ಹೆಂಗಸರ ಯಾವ ತೊಂದರೆಗೂ ಚೀನೀ ವೈದ್ಯದಲ್ಲಿ ಪರಿಹಾರವುಂಟೆಂದು ಸಾರುವ ಕರಪತ್ರಗಳು ಉಪನಗರದ ಸ್ಟೇಷನ್ನುಗಳ ಹೊರಗೆ ಆಗಾಗ ಕೈಗೆ ಬರುತ್ತವೆ. ಅವುಗಳಲ್ಲಿ ತಪ್ಪದೆ ಇರುವ ಮಾತುಗಳು ಮೂರು. ಇದು ಸಾವಿರಾರು ವರ್ಷಗಳಷ್ಟು ಹಳೆಯದು. ಇದರಿಂದ ಗುಣವಾದವರು ಅಸಂಖ್ಯ. ಇದು ನೈಸರ್ಗಿಕ, ಆದ್ದರಿಂದ ಅಪಾಯವಿಲ್ಲ. ಈ ಮೂರು ಮಾತುಗಳನ್ನೂ ಒಂದೊಂದಾಗಿ ಒರೆಗೆ ಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಹಳಿಯಬೇಕೆಂಬ ಹಟವಾಗಲಿ, ಹೊಗಳಬೇಕೆಂಬ ಆತುರವಾಗಲಿ ನನಗಿಲ್ಲ. ವಿಜ್ಞಾನದ ಪದವಿ ಪಡೆದು ಕಡತಗಳ ನಡುವೆ ಜೀವನ ಸಾಗಿಸುತ್ತಿರುವವನಿಗೆ ದಾಖಲೆ ಎಲ್ಲಿದೆ ಎಂದು ಕೇಳುವುದೊಂದು ಚಾಳಿ, ಅಷ್ಟೆ.

ಮೊದಲು ಪರಂಪರೆಯ ಮಾತು. ಚೀನೀ ವೈದ್ಯವು ಹೆಂಗಸರ ರೋಗಗಳನ್ನು ಬಹು ಹಿಂದೆಯೇ ಪ್ರತ್ಯೇಕವಾಗಿ ಗಮನಿಸಿತೆಂಬುದು ನಿರ್ವಿವಾದ. 7ನೆಯ ಶತಮಾನದ ಸುನ್ ಸಿಮಿಯಾವೊ ತನ್ನ ಬೃಹತ್ ವೈದ್ಯಗ್ರಂಥದಲ್ಲಿ ಸ್ತ್ರೀಯರ ಚಿಕಿತ್ಸೆಯನ್ನು ಮುಂಭಾಗದಲ್ಲೇ ಇರಿಸಿ, ಅದಕ್ಕೆ ಬೇರೆಯೇ ವಿಧಾನ ಬೇಕೆಂದು ವಾದಿಸಿದ್ದಾನೆ. ಆದರೆ ಬರೆದವರು ಬಹುಮಟ್ಟಿಗೆ ಗಂಡಸರು. ಮರ್ಯಾದಸ್ಥ ಮನೆತನದ ಹೆಂಗಸಿನ ಬಳಿ ಪರಪುರುಷನಾದ ವೈದ್ಯ ಕುಳಿತು ಕೇಳಬೇಕಾದ್ದನ್ನೆಲ್ಲ ಕೇಳುವುದು, ಮುಟ್ಟಿ ನೋಡುವುದು ಆ ಸಮಾಜದಲ್ಲಿ ಸುಲಭವಿರಲಿಲ್ಲ. ಇದು ಚೀನದ ಕತೆ ಮಾತ್ರವಲ್ಲ. ನಮ್ಮ ಮುಂಬಯಿಯಲ್ಲಿ 1886ರಲ್ಲಿ ಕಾಮಾ ಆಸ್ಪತ್ರೆ ಹೆಂಗಸರಿಗಾಗಿಯೇ, ಮಹಿಳಾ ವೈದ್ಯರ ಕೈಯಲ್ಲೇ ಆರಂಭವಾದದ್ದಕ್ಕೂ ಇಂಥದೇ ಕಾರಣ.

ಈ ಹಿನ್ನೆಲೆಯಲ್ಲಿ ಒಂದು ಸಣ್ಣ ಪುಸ್ತಕ ಬಹಳ ಮುಖ್ಯವೆನಿಸುತ್ತದೆ. ಚೀನದ ಮಿಂಗ್ ಅರಸರ ಕಾಲದಲ್ಲಿ ವೂಷಿ ಎಂಬ ಊರಿನಲ್ಲಿ 1461ರಲ್ಲಿ ಹುಟ್ಟಿದ ತಾನ್ ಯುನ್‌ಷ್ಯೆನ್ ಎಂಬಾಕೆ ಇದನ್ನು ಬರೆದವರು. ಹೆಸರು ‘ನ್ಯೂಯೀ ಜಾಯೆನ್’. ‘ವೈದ್ಯೆಯೊಬ್ಬಳ ಬಿಡಿ ಮಾತುಗಳು’ ಎಂದು ಅರ್ಥ ಹೇಳಬಹುದು. ಈಕೆಗೆ ವೈದ್ಯ ಕಲಿಸಿದವರು ಸ್ವಂತ ಅಜ್ಜಿ. ಐವತ್ತರ ವಯಸ್ಸಿನಲ್ಲಿ, 1511ರ ಸುಮಾರಿಗೆ, ತಾವು ನೋಡಿದ ರೋಗಿಗಳ ಪೈಕಿ 31 ಪ್ರಕರಣಗಳನ್ನು ಬರೆದು, ಮಗನ ಕೈಯಿಂದ ಶುದ್ಧಪ್ರತಿ ಮಾಡಿಸಿ ಅಚ್ಚು ಹಾಕಿಸಿದರು. 2015ರಲ್ಲಿ ಇದರ ಇಂಗ್ಲಿಷ್ ಅನುವಾದ ಬಂತು. 2023ರಲ್ಲಿ ಲೀಸಾ ಸೀ ಎಂಬ ಅಮೆರಿಕದ ಲೇಖಕಿ ಈಕೆಯ ಬದುಕನ್ನೇ ಕಾದಂಬರಿ ಮಾಡಿದ ಮೇಲೆ ಈ ಹೆಸರು ಇನ್ನಷ್ಟು ಪ್ರಚಾರ ಪಡೆಯಿತು.

ಈ ಪುಸ್ತಕದ ರೋಗಿಗಳೆಲ್ಲ ಹೆಂಗಸರು. ಶ್ರೀಮಂತರ ಮನೆಯವರೂ ಇದ್ದಾರೆ, ದುಡಿಯುವವರೂ ಇದ್ದಾರೆ. ದೋಣಿಯ ಚುಕ್ಕಾಣಿ ಹಿಡಿದು ಹಿಡಿದು ಕೈ ಮರಗಟ್ಟಿದವಳೊಬ್ಬಳು. ಇಟ್ಟಿಗೆ-ಹೆಂಚಿನ ಗೂಡಿನಲ್ಲಿ ಹಗಲಿರುಳು ದುಡಿದು ರಕ್ತಸ್ರಾವಕ್ಕೆ ತುತ್ತಾದವಳು ಇನ್ನೊಬ್ಬಳು. ಗಂಡ ಉಪಪತ್ನಿಯನ್ನು ತಂದದ್ದಕ್ಕೆ ಒಳಗೊಳಗೇ ಕುದಿದು ಕಾಯಿಲೆ ಬಿದ್ದವರೂ ಇದರಲ್ಲಿದ್ದಾರೆ. ವೈದ್ಯೆಯ ಮದ್ದು ಎರಡು ಬಗೆ. ಒಂದು, ಗಿಡಮೂಲಿಕೆಯ ಕಷಾಯ, ಗುಳಿಗೆಗಳು. ಇನ್ನೊಂದು, ಮೋಕ್ಸಾ, ನಮ್ಮ ಮಾಚಿಪತ್ರೆಯ ಕುಲಕ್ಕೆ ಸೇರಿದ ಸೊಪ್ಪನ್ನು ಒಣಗಿಸಿ, ಉಂಡೆ ಕಟ್ಟಿ, ಮೈಮೇಲಿನ ಗೊತ್ತಾದ ಸ್ಥಾನಗಳಲ್ಲಿ ಉರಿಸಿ ಕಾವು ಕೊಡುವುದು. ನಮ್ಮ ಹಳ್ಳಿಗಳಲ್ಲಿ ಬರೆ ಹಾಕುತ್ತಿದ್ದುದನ್ನು ಇದು ನೆನಪಿಗೆ ತರುತ್ತದೆ. ಇಂದಿನ ಕರಪತ್ರಗಳಲ್ಲಿ ಮುಖ್ಯವಾಗಿರುವ ಸೂಜಿಗೆ ಆಕೆಯ ಪುಸ್ತಕದಲ್ಲಿ ಅಂಥ ಸ್ಥಾನವಿಲ್ಲವೆಂಬುದನ್ನು ಗಮನಿಸಬೇಕು.

ಈ ಬರಹದ ಗುಣ ಯಾವುದು? ರೋಗಿಯನ್ನು ಅವಳ ಬದುಕಿನ ಸಮೇತ ನೋಡಿದ್ದು. ನೀನು ಏನು ಕೆಲಸ ಮಾಡುತ್ತೀ, ಮನೆಯಲ್ಲಿ ಏನು ನಡೆದಿದೆ, ಎಷ್ಟು ಬಸಿರು, ಎಷ್ಟು ಹೆರಿಗೆ, ಇದು ಯಾವಾಗ ಶುರುವಾಯಿತು ಎಂದು ಕೇಳಿದವರಿಗೆ ಮಾತ್ರ ಇಂಥ ಟಿಪ್ಪಣಿಗಳನ್ನು ಬರೆಯಲು ಸಾಧ್ಯ. ಐದು ಶತಮಾನಗಳ ಹಿಂದೆ ಗೂಡಿನಲ್ಲಿ ದುಡಿಯುತ್ತಿದ್ದ ಹೆಂಗಸಿನ ಮೈಯ ಕಷ್ಟ ನಮ್ಮವರೆಗೆ ಬಂದಿದ್ದರೆ ಅದಕ್ಕೆ ಈಕೆಯ ತಾಳ್ಮೆಯೇ ಕಾರಣ.

ಆದರೆ ವಿಮರ್ಶೆ ಇಲ್ಲಿಗೇ ನಿಲ್ಲಲಾಗದು. 31 ಪ್ರಕರಣಗಳ ಕತೆ ಮದ್ದು ಕೆಲಸ ಮಾಡಿತೆಂಬುದಕ್ಕೆ ಸಾಕ್ಷಿಯೆ? ಹಳೆಯ ವೈದ್ಯರ ಪ್ರಕರಣ ಸಂಗ್ರಹಗಳು ಗುಣವಾದವರನ್ನು ಹೇಳುತ್ತವೆ. ಗುಣವಾಗದೆ ಹೋದವರು ಪುಸ್ತಕದ ಹೊರಗೇ ಉಳಿಯುತ್ತಾರೆ. ಗುಣವಾದವರಲ್ಲೂ ಎಷ್ಟು ಜನ ವಿಶ್ರಾಂತಿಯಿಂದ, ಎಷ್ಟು ಜನ ಕೇವಲ ದಿನ ಕಳೆದದ್ದರಿಂದ ಚೇತರಿಸಿಕೊಂಡರೆಂದು ಬೇರ್ಪಡಿಸಲು ಬರುವುದಿಲ್ಲ. ತಾವೇ ಸಾಯುವಂತಾಗಿದ್ದಾಗ ತೀರಿಕೊಂಡಿದ್ದ ಅಜ್ಜಿ ಕನಸಿನಲ್ಲಿ ಬಂದು ಮದ್ದಿನ ದಾರಿ ತೋರಿದರೆಂದೂ ಈಕೆ ಬರೆಯುತ್ತಾರೆ. ಆ ಕಾಲದ ಬರಹದಲ್ಲಿ ಅದು ಸಹಜ, ಓದಲೂ ಸೊಗಸು. ಪ್ರಮಾಣವೆಂದು ಎತ್ತಿ ಹಿಡಿದರೆ ಮಾತ್ರ ತೊಡಕು. ‘ಅಸಂಖ್ಯ ಜನ ಗುಣವಾಗಿದ್ದಾರೆ’ ಎಂಬ ಕರಪತ್ರದ ಮಾತಿಗೂ ಇದೇ ಆಕ್ಷೇಪಣೆ ಅನ್ವಯಿಸುತ್ತದೆ.

ಇನ್ನು, ಈ ಪರಂಪರೆ ಮುರಿಯದೆ ನಮ್ಮವರೆಗೆ ಹರಿದು ಬಂತೆ? ಅದೂ ಇಲ್ಲ. 1822ರಲ್ಲಿ ಚೀನದ ದಾವೊಗುವಾಂಗ್ ಚಕ್ರವರ್ತಿಯ ಆಜ್ಞೆಯಿಂದ ರಾಜವೈದ್ಯಶಾಲೆಯಲ್ಲಿ ಸೂಜಿ ಚಿಕಿತ್ಸೆಯೇ ನಿಂತಿತು. 1949ರ ಕ್ರಾಂತಿಯ ತರುವಾಯ, ಪಾಶ್ಚಾತ್ಯ ಪದ್ಧತಿಯ ವೈದ್ಯರು ಸಾಲದ ದೇಶದಲ್ಲಿ, ಮಾವೊ ಸರ್ಕಾರ ಹಳೆಯ ವೈದ್ಯಕ್ಕೆ ಮತ್ತೆ ಬೆಂಬಲ ಕೊಟ್ಟಿತು. 1956ರಲ್ಲಿ ಬೀಜಿಂಗ್, ಷಾಂಘಾಯ್, ಗುವಾಂಗ್‌ಜೌ ಮತ್ತು ಚೆಂಗ್‌ಡು ನಗರಗಳಲ್ಲಿ ಕಾಲೇಜುಗಳು ತೆರೆದವು. ಚದುರಿದ್ದ, ಪರಸ್ಪರ ಒಪ್ಪದ ನೂರು ಮತಗಳನ್ನು ಸೋಸಿ ಒಂದು ಪಠ್ಯಕ್ರಮ ಸಿದ್ಧವಾದದ್ದು ಆಗ. ಇಂದು ‘ಸಾಂಪ್ರದಾಯಿಕ ಚೀನೀ ವೈದ್ಯ’ ಎಂದು ನಾವು ಕಾಣುವುದು ಬಹುಪಾಲು ಈ ಹೊಸ ರೂಪವನ್ನೇ.

ಹೊರಜಗತ್ತಿಗೆ ಇದರ ಹುಚ್ಚು ಹಿಡಿಸಿದ್ದು 1971ರಲ್ಲಿ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಜೇಮ್ಸ್ ರೆಸ್ಟನ್ ಬೀಜಿಂಗಿನಲ್ಲಿ ಅಪೆಂಡಿಸೈಟಿಸ್‌ಗೆ ತುತ್ತಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆ ಬಗ್ಗೆ ಬರೆದರು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟದ್ದು ಮಾಮೂಲಿ ಇಂಜೆಕ್ಷನ್ನಿನಿಂದ. ಸೂಜಿ ಚುಚ್ಚಿದ್ದು ಅನಂತರ ಹೊಟ್ಟೆ ಉಬ್ಬರದ ಸಂಕಟಕ್ಕೆ. ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅದು ‘ಬರೀ ಸೂಜಿಯಿಂದಲೇ ಆಪರೇಷನ್’ ಎಂದಾಯಿತು. ಭಾರತಕ್ಕೆ ಈ ವಿದ್ಯೆ ಅದಕ್ಕೂ ಮೊದಲೇ ಬಂದಿತ್ತು. 1938ರಲ್ಲಿ ಚೀನಕ್ಕೆ ಹೋದ ನಮ್ಮ ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ಕೋಟ್ನೀಸರಿದ್ದುದು, 1942ರಲ್ಲಿ ಅಲ್ಲಿಯೇ ತೀರಿಕೊಂಡದ್ದು ಶಾಂತಾರಾಮರ ಚಿತ್ರ ನೋಡಿದವರಿಗೆಲ್ಲ ಗೊತ್ತು. ಅದೇ ತಂಡದ ಡಾ. ಬಿ. ಕೆ. ಬಸು ಮುಂದೆ ಚೀನದಲ್ಲಿ ಅಕ್ಯುಪಂಕ್ಚರ್ ಕಲಿತು 1959ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು.

ಹಳೆಯದೋ ಹೊಸದೋ, ಕೆಲಸ ಮಾಡುವುದಾದರೆ ಸಾಕಲ್ಲ ಎನ್ನಬಹುದು. ಒಪ್ಪತಕ್ಕ ಮಾತೇ. ದೇಹದಲ್ಲಿ ‘ಚೀ’ ಎಂಬ ಶಕ್ತಿ ಹರಿಯುವ ದಾರಿಗಳುಂಟು, ಆ ದಾರಿಯ ಬಿಂದುಗಳಲ್ಲಿ ಚುಚ್ಚಿದರೆ ತಡೆ ನಿವಾರಣೆಯಾಗುತ್ತದೆ ಎಂಬುದು ಈ ಶಾಸ್ತ್ರದ ತಿರುಳು. ಅಂಗರಚನಾಶಾಸ್ತ್ರಕ್ಕೆ ಈ ದಾರಿಗಳು ಕಂಡಿಲ್ಲ. ಆದರೂ ಸಿದ್ಧಾಂತ ಬದಿಗಿಟ್ಟು ಫಲವನ್ನು ಮಾತ್ರ ಅಳೆಯಬಹುದು. ಅದಕ್ಕೆ ಸಂಶೋಧಕರು ಕಂಡುಕೊಂಡ ಉಪಾಯ ಹುಸಿ ಸೂಜಿ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಾಸ್ತ್ರೋಕ್ತ ಸೂಜಿ, ಇನ್ನೊಂದಕ್ಕೆ ಚರ್ಮಕ್ಕೆ ತಾಗಿ ನಿಲ್ಲುವ ಮೊಂಡು ಸೂಜಿ, ಅಥವಾ ಅಲ್ಲದ ಜಾಗದಲ್ಲಿ ಮೇಲುಮೇಲಿನ ಚುಚ್ಚು. ಯಾರಿಗೆ ಯಾವುದೆಂದು ರೋಗಿಗೆ ತಿಳಿಯದು. ಎರಡು ಗುಂಪಿಗೂ ಮಲಗುವ ಮಂಚ, ಮಾತು, ಆರೈಕೆ, ನಿರೀಕ್ಷೆ ಎಲ್ಲವೂ ಸಮ. ಈ ಸಮದ ಮೇಲೆ ಎಷ್ಟು ಉಳಿಯುತ್ತದೆಯೋ ಅಷ್ಟೇ ಸೂಜಿಯ ಪಾಲು.

ಲೆಕ್ಕ ಹೀಗಿದೆ. ಅಂಡಾಶಯದಲ್ಲಿ ನೀರ್ಗುಳ್ಳೆಯ, ಅಂದರೆ ಪಿಸಿಓಎಸ್ ತೊಂದರೆಯಿಂದ ಮಕ್ಕಳಾಗದ 1000 ಹೆಂಗಸರ ಮೇಲೆ ಚೀನದಲ್ಲೇ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕ್ಲೊಮಿಫೀನ್ ಮಾತ್ರೆಯ ಜೊತೆ ನಿಜ ಸೂಜಿ ಪಡೆದವರಲ್ಲಿ ನೂರಕ್ಕೆ 29.4, ಮಾತ್ರೆಯ ಜೊತೆ ಹುಸಿ ಸೂಜಿ ಪಡೆದವರಲ್ಲಿ 28.0 ಹೆಂಗಸರಿಗೆ ಜೀವಂತ ಮಗು ಹುಟ್ಟಿತು. ಮಾತ್ರೆಯಿಲ್ಲದೆ ನಿಜ ಸೂಜಿ ಮಾತ್ರ ಪಡೆದವರಲ್ಲಿ 13.9, ಹುಸಿ ಸೂಜಿ ಪಡೆದವರಲ್ಲಿ 16.8. ಫಲ ಕೊಟ್ಟದ್ದು ಮಾತ್ರೆ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. 2018ರಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಪ್ರಯೋಗವೊಂದರಲ್ಲಿ ಪ್ರನಾಳ ಶಿಶು ಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದ 848 ಹೆಂಗಸರನ್ನು ನೋಡಿದರು: ನಿಜ ಸೂಜಿಗೆ 18.3, ಹುಸಿ ಸೂಜಿಗೆ 17.8. ಮುಟ್ಟು ನಿಲ್ಲುವ ಕಾಲದ ಬಿಸಿ-ಬೆವರಿಗೆ 2016ರಲ್ಲಿ ಪ್ರಕಟವಾದ 327 ಆಸ್ಟ್ರೇಲಿಯನ್ ಹೆಂಗಸರ ಅಧ್ಯಯನದಲ್ಲಿ ಎರಡು ಗುಂಪಿನವರಿಗೂ ಶೇಕಡ 40ರಷ್ಟು ಉಪಶಮನ ಕಂಡಿತು. ನಿಜಕ್ಕೂ ಹುಸಿಗೂ ಅಂತರವಿರಲಿಲ್ಲ. ಮುಟ್ಟಿನ ನೋವಿನ ಬಗ್ಗೆ 42 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2016ರ ವರದಿ, ಪ್ರಯೋಗಗಳ ಗುಣಮಟ್ಟ ಕಡಿಮೆಯಾದ್ದರಿಂದ ಖಚಿತವಾಗಿ ಏನನ್ನೂ ಹೇಳಲಾಗದೆಂದು ತೀರ್ಮಾನಿಸಿತು.

ಎಲ್ಲವೂ ಸೋಲೆಂದು ಹೇಳಿದರೆ ಅನ್ಯಾಯವಾಗುತ್ತದೆ. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಮೂತ್ರ ಸೋರುವ ತೊಂದರೆಯನ್ನು ನಮ್ಮ ತಾಯಂದಿರು, ಅಕ್ಕಂದಿರು ಯಾರಿಗೂ ಹೇಳದೆ ನುಂಗಿಕೊಂಡಿರುತ್ತಾರೆ. ಇಂಥ 504 ಹೆಂಗಸರ ಮೇಲೆ ಚೀನದಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ವಾರ ಸೊಂಟದ ಕೆಳಭಾಗಕ್ಕೆ ವಿದ್ಯುತ್ ಹಾಯಿಸಿದ ಸೂಜಿ ಚಿಕಿತ್ಸೆ ಕೊಟ್ಟಾಗ ಸೋರಿಕೆ 9.9 ಗ್ರಾಮಿನಷ್ಟು ತಗ್ಗಿತು. ಹುಸಿ ಸೂಜಿಯಲ್ಲಿ 2.6 ಗ್ರಾಂ ಮಾತ್ರ. ತಾನ್ ಯುನ್‌ಷ್ಯೆನ್ ಬಳಸಿದ ಮೋಕ್ಸಾ ಸೊಪ್ಪಿಗೂ ಒಂದು ಮಟ್ಟಿನ ಸಮರ್ಥನೆಯುಂಟು. ಹೊಟ್ಟೆಯಲ್ಲಿ ಮಗು ತಲೆ ಮೇಲಾಗಿದ್ದ 260 ಚೊಚ್ಚಲ ಬಸುರಿಯರಲ್ಲಿ ಅರ್ಧ ಜನಕ್ಕೆ ಕಾಲಿನ ಕಿರುಬೆರಳ ಬಳಿ ಕಾವು ಕೊಟ್ಟು ನೋಡಿದ ಚೀನದ ಪ್ರಯೋಗ 1998ರಲ್ಲಿ ಪ್ರಕಟವಾಯಿತು. ಹೆರಿಗೆಯ ವೇಳೆಗೆ ಆ 130 ಜನರಲ್ಲಿ 98, ಉಳಿದ 130ರಲ್ಲಿ 81 ಮಕ್ಕಳು ತಲೆ ಕೆಳಗಾಗಿ ತಿರುಗಿದ್ದವು. ಇದನ್ನೇ ಇಟಲಿಯಲ್ಲಿ ಮಾಡಲು ಹೋದಾಗ ಹೊಗೆಯ ವಾಸನೆ ತಡೆಯದೆ ಹಲವರು ಹಿಂದೆಗೆದು, ಪ್ರಯೋಗ ಅರ್ಧಕ್ಕೆ ನಿಂತು, ಲಾಭವೂ ಕಾಣದೆ ಹೋಯಿತು. ವಿಷಯ ಇನ್ನೂ ತೆರೆದೇ ಇದೆಯೆಂದು ತಿಳಿಯಬೇಕು.

ಇನ್ನು ಮೂರನೆಯ ಮಾತು: ಅಪಾಯವಿಲ್ಲ. ಒಮ್ಮೆ ಬಳಸಿ ಎಸೆಯುವ ಶುದ್ಧ ಸೂಜಿಯಾಗಿ, ಕೈ ಪಳಗಿದವರಾಗಿದ್ದರೆ ಸೂಜಿಯ ಅಪಾಯ ನಿಜಕ್ಕೂ ಕಡಿಮೆ. ಸೊಪ್ಪಿನ ವಿಷಯ ಹಾಗಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ಮೈ ಇಳಿಸುವ ಚಿಕಿತ್ಸಾಲಯವೊಂದು ತನ್ನ ಮಾತ್ರೆಗಳಲ್ಲಿ ಚೀನೀ ಮೂಲಿಕೆ ಸೇರಿಸಿತು. ಸ್ವಲ್ಪ ಕಾಲದಲ್ಲೇ, ಆರೋಗ್ಯವಾಗಿದ್ದ ಹೆಂಗಸರ ಮೂತ್ರಪಿಂಡಗಳು ಕೆಡಲಾರಂಭಿಸಿದವು. ಅಲ್ಲಿನ ವೈದ್ಯರು 1993ರಲ್ಲಿ ಇದನ್ನು ಬಯಲಿಗೆ ತಂದರು; ನೊಂದವರ ಸಂಖ್ಯೆ ನೂರು ದಾಟಿತು. ‘ಹಾನ್ ಫಾಂಗ್ ಜಿ’ ಎಂಬ ಬೇರಿನ ಬದಲು ಹೆಸರು ಹೋಲುವ ‘ಗುವಾಂಗ್ ಫಾಂಗ್ ಜಿ’ ಬಂದು ಸೇರಿತ್ತು. ಎರಡನೆಯದು ಅರಿಸ್ಟೊಲೋಕಿಯ ಎಂಬ ಕುಲದ್ದು, ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಕ್ಕೆ ವಿಷ. 2000ದಲ್ಲಿ ಬಂದ ವರದಿಯಂತೆ, ಮೂತ್ರಪಿಂಡ ಪೂರ್ತಿ ಕೆಟ್ಟು ಅದನ್ನು ತೆಗೆಸಿಕೊಂಡ 39 ಜನರಲ್ಲಿ 18 ಮಂದಿಗೆ ಮೂತ್ರಮಾರ್ಗದ ಕ್ಯಾನ್ಸರ್ ಇತ್ತು. ಚೀನೀ ವೈದ್ಯರು ಮೈ ಇಳಿಸಲು ಈ ಬೇರನ್ನು ಕೊಡುತ್ತಿರಲಿಲ್ಲ, ಅದು ವ್ಯಾಪಾರಿಗಳ ಕೆಲಸ ಎಂಬುದು ನಿಜ. ಆದರೆ ಇದೇ ಕುಲದ ಗಿಡಗಳು ಚೀನದ ಹಲವು ಮದ್ದುಗಳಲ್ಲಿದ್ದುವು. ಅಲ್ಲಿನ ಸರ್ಕಾರ ಅವುಗಳಲ್ಲಿ ಕೆಲವನ್ನು ನಿಷೇಧಿಸಿದ್ದು 2003ರ ಅನಂತರ. ಶತಮಾನಗಳ ಬಳಕೆಯಿಂದ ಈ ವಿಷ ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಇಂದು ಕುಡಿದ ಕಷಾಯಕ್ಕೆ ವರ್ಷಗಳ ಮೇಲೆ ಬರುವ ಕಾಯಿಲೆಯನ್ನು ಜೋಡಿಸಲು ಅನುಭವವೊಂದೇ ಸಾಲದು.

ಇದು ದೂರದ ಸುದ್ದಿಯೆಂದು ನಾವು ನಿಶ್ಚಿಂತರಾಗಬೇಕಿಲ್ಲ. ಕರ್ನಾಟಕದ ನಾಟಿ ವೈದ್ಯದಲ್ಲಿ ಹಾವಿನ ವಿಷಕ್ಕೆಂದು ಹೆಸರಾದ ಈಶ್ವರಿ ಬಳ್ಳಿಯ ಬೇರು ಅರಿಸ್ಟೊಲೋಕಿಯ ಕುಲಕ್ಕೇ ಸೇರಿದ್ದು. ಮುಟ್ಟು ತರಿಸಲು, ಬಸಿರು ಇಳಿಸಲು ಅದನ್ನು ಬಳಸುವ ರೂಢಿಯೂ ದೇಶದ ಹಲವೆಡೆ ಇತ್ತು. ‘ನೈಸರ್ಗಿಕ’ ಎಂಬ ಒಂದೇ ಪದದಿಂದ ಸಮಾಧಾನ ಪಡುವವರು ಇದನ್ನು ನೆನಪಿಡಬೇಕು.

ಇಷ್ಟಾದರೂ ಹೆಂಗಸರು ಸೂಜಿಯ ಬಾಗಿಲಿಗೆ ಏಕೆ ಹೋಗುತ್ತಾರೆ? ಇದನ್ನು ಕೇಳದ ವಿಮರ್ಶೆ ಅಪೂರ್ಣ. ನಮ್ಮ ಕಚೇರಿಯಲ್ಲಿ ಧಾರವಾಡದ ಕಡೆಯ ಮಹಿಳೆಯೊಬ್ಬರಿದ್ದಾರೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಲವತ್ತನಾಲ್ಕರ ವಯಸ್ಸಿನಲ್ಲಿ ಅವರಿಗೆ ತಿಂಗಳಿಗೆ ಹತ್ತು-ಹನ್ನೆರಡು ದಿನ ಸ್ರಾವ. ಮೊದಲು ತೋರಿಸಿದ ವೈದ್ಯರು ಎರಡು ನಿಮಿಷದಲ್ಲಿ, ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಎಂದು ಹೇಳಿ ಕಳಿಸಿದರು. ಆಮೇಲೆ ಅವರು ಹೋದದ್ದು ಸೂಜಿ ಚಿಕಿತ್ಸೆಯವರ ಬಳಿಗೆ. ಅಲ್ಲಿ ಅರ್ಧ ಗಂಟೆ ಕೂರಿಸಿ ಮಾತನಾಡಿಸಿ, ನಾಲಗೆ, ನಾಡಿ ನೋಡಿ, ರಕ್ತದ ಕೊರತೆಯೆಂದು ಹೇಳಿ, ವಾರಕ್ಕೆರಡು ಬಾರಿಯಂತೆ ಐದು ತಿಂಗಳು ಚುಚ್ಚಿದರು. ಒಂದು ಬೆಳಗ್ಗೆ ಸ್ಟೇಷನ್ ಮೆಟ್ಟಿಲ ಮೇಲೆ ಅವರು ತಲೆ ಸುತ್ತಿ ಬಿದ್ದರು. ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ ಆರಕ್ಕಿಳಿದಿತ್ತು; ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗೆಡ್ಡೆಗಳಿದ್ದವು. ರಕ್ತ ಕೊಡಿಸಿ, ಶಸ್ತ್ರಚಿಕಿತ್ಸೆಯಾಗಿ ಈಗ ಸುಖವಾಗಿದ್ದಾರೆ. ಆ ಐದು ತಿಂಗಳ ಬಗ್ಗೆ ಕೇಳಿದರೆ ಅವರಿಗೆ ಕೋಪವಿಲ್ಲ. “ಅಲ್ಲಿ ಒಬ್ಬರಾದ್ರೂ ನಾ ಹೇಳೋದನ್ನ ಪೂರ್ತಿ ಕೇಳಿದ್ರು ನೋಡ್ರಿ,” ಎನ್ನುತ್ತಾರೆ.

ಈ ಮಾತಿನಲ್ಲಿ ಎರಡೂ ವೈದ್ಯ ಪದ್ಧತಿಗಳ ವಿಮರ್ಶೆ ಅಡಗಿದೆ. ಅಳೆಯುವ ಸಾಧನವಿದ್ದವರು ಕೇಳಲಿಲ್ಲ, ಕೇಳಿದವರು ಅಳೆಯಲಿಲ್ಲ. ರಕ್ತದ ಕೊರತೆಯೆಂದು ಬಾಯಲ್ಲಿ ಹೇಳಿದವರಿಗೆ ರಕ್ತ ಎಷ್ಟಿದೆಯೆಂದು ನೋಡಿಸಬೇಕೆಂದು ತೋರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇಕಡ 57 ಮಂದಿ ರಕ್ತಹೀನರು. ಇಂಥ ದೇಶದಲ್ಲಿ ಈ ಎರಡು ಬಗೆಯ ಅಲಕ್ಷ್ಯಕ್ಕೂ ಬೆಲೆ ತೆರುವವಳು ಹೆಂಗಸೇ. ಇಟ್ಟಿಗೆ ಗೂಡಿನವಳ ಸ್ರಾವದ ಕತೆ ಕೇಳಿದ ತಾನ್ ಯುನ್‌ಷ್ಯೆನ್‌ಗೆ ಅಳೆಯುವ ಉಪಕರಣವಿರಲಿಲ್ಲ, ಆಕೆಯನ್ನು ದೂರುವಂತಿಲ್ಲ. ಉಪಕರಣ ಕೈಗೆಟುಕುವ ಈ ಕಾಲದಲ್ಲಿ ಆಕೆಯ ಪರಂಪರೆಯ ಹೆಸರಿನಲ್ಲಿ ಅದನ್ನು ಬಿಡುವುದು ಮಾತ್ರ ಕ್ಷಮಿಸತಕ್ಕದ್ದಲ್ಲ.

ಬಿಸಿ-ಬೆವರಿನ ಪ್ರಯೋಗದಲ್ಲಿ ಎರಡು ಗುಂಪಿಗೂ ಕಂಡ ಆ ಶೇಕಡ 40ರ ಉಪಶಮನವನ್ನು ಈಗ ಮತ್ತೆ ನೆನೆಯೋಣ. ಕಾಲ ಕಳೆದದ್ದು, ನಿರೀಕ್ಷೆ, ಆರೈಕೆ, ಕೇಳುವ ಕಿವಿ ಎಲ್ಲ ಸೇರಿ ಅದಾಗಿರಬೇಕು. ಅದರಲ್ಲಿ ಆರೈಕೆಯ ಪಾಲು ಎಷ್ಟೇ ಇರಲಿ, ಅದನ್ನು ಕೊಡಲು ಸೂಜಿ ಬೇಕಿಲ್ಲ. ಸರ್ಕಾರಿ ದವಾಖಾನೆಯಲ್ಲೂ ಹತ್ತು ನಿಮಿಷ ಹೆಚ್ಚು ಸಿಕ್ಕರೆ ಅದು ಸಾಧ್ಯ. ನಮ್ಮ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ತೂಕ, ರಕ್ತದೊತ್ತಡ ನೋಡಿ ಕಳಿಸುವ ಬದಲು, ಹೆಂಗಸರು ಮಹಿಳಾ ವೈದ್ಯರೊಡನೆ ಕನ್ನಡದಲ್ಲಿ ಬಾಗಿಲು ಮುಚ್ಚಿ ಮಾತನಾಡುವ ಏರ್ಪಾಡು ಮಾಡಬಾರದೇಕೆ? ಹಿಂದಿ, ಮರಾಠಿಯಲ್ಲಿ ವ್ಯವಹಾರ ನಡೆಸಬಲ್ಲವರಿಗೂ ಮೈಯ ಗುಟ್ಟು ಹೇಳಲು ತಾಯ್ನುಡಿಯೇ ಬೇಕಾಗುತ್ತದೆ.

ಹಳೆಯ ವೈದ್ಯವನ್ನು ಗೌರವಿಸುವ ಸರಿಯಾದ ದಾರಿಗೆ ಚೀನದಲ್ಲೇ ಉದಾಹರಣೆಯಿದೆ. ತು ಯುಯು ಎಂಬ ವಿಜ್ಞಾನಿ 4ನೆಯ ಶತಮಾನದ ಗೆ ಹಾಂಗ್ ಎಂಬಾತನ ಪುಸ್ತಕದಲ್ಲಿ ಜ್ವರಕ್ಕೆ ಹೇಳಿದ್ದ ಸೊಪ್ಪನ್ನು ಕೈಗೆತ್ತಿಕೊಂಡರು. ಅದೂ ಮಾಚಿಪತ್ರೆಯ ಕುಲದ್ದೇ. ಕಾಯಿಸಿದರೆ ಗುಣ ಹೋಗುತ್ತದೆಂದು ಆ ಪುಸ್ತಕದ ಸೂಚನೆಯಿಂದಲೇ ಊಹಿಸಿ, ಕಡಿಮೆ ಶಾಖದಲ್ಲಿ ಸಾರ ತೆಗೆದು, ಪ್ರಾಣಿಗಳ ಮೇಲೆ ಪರೀಕ್ಷಿಸಿ, 1972ರಲ್ಲಿ ತಾವೇ ಮೊದಲು ಸೇವಿಸಿ ನೋಡಿದರು. ಮಲೇರಿಯಕ್ಕೆ ಆರ್ಟಿಮಿಸಿನಿನ್ ಎಂಬ ಮದ್ದು ಜಗತ್ತಿಗೆ ಸಿಕ್ಕಿತು. 2015ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಪುಸ್ತಕ ಹಳೆಯದೆಂದು ಅವರು ಅದನ್ನು ಎಸೆಯಲಿಲ್ಲ, ಹಳೆಯದೆಂಬ ಕಾರಣಕ್ಕೆ ಪರೀಕ್ಷೆಯಿಂದ ವಿನಾಯಿತಿಯನ್ನೂ ಕೊಡಲಿಲ್ಲ.

ಆದ್ದರಿಂದ ನಮ್ಮ ಮನೆಯ ಹೆಂಗಸರು ಸೂಜಿ ಚಿಕಿತ್ಸೆಗೆ ಹೊರಟರೆ ಅಡ್ಡಿಪಡಿಸಬೇಕೆಂದು ನಾನು ಹೇಳಲಾರೆ. ಮೊದಲು ಸ್ತ್ರೀರೋಗ ತಜ್ಞರಿಂದ ರೋಗ ಇಂಥದೆಂದು ನಿರ್ಧಾರವಾಗಲಿ. ಅತಿ ಸ್ರಾವ, ಮುಟ್ಟು ನಿಂತ ಮೇಲೆ ಕಾಣುವ ರಕ್ತ, ಮೊಲೆಯಲ್ಲಿ ಗಂಟು, ಇವು ಸೂಜಿಗಾಗಿ ಒಂದು ವಾರವೂ ಕಾಯುವ ವಿಷಯಗಳಲ್ಲ. ಕೊಡುವ ಪುಡಿ, ಗುಳಿಗೆಯಲ್ಲಿ ಏನಿದೆಯೆಂದು ಬರೆದು ಕೊಡಲು ಒಪ್ಪದವರಿಂದ ಅದನ್ನು ಕೊಳ್ಳುವುದು ಬೇಡ. ಎಷ್ಟು ಸಲ ಚುಚ್ಚಿದ ಮೇಲೂ ಗುಣ ಕಾಣದಿದ್ದರೆ ನಿಲ್ಲಿಸುತ್ತೀರಿ ಎಂದು ಮೊದಲ ದಿನವೇ ಕೇಳಿರಿ. ಇದಕ್ಕೆ ನೇರ ಉತ್ತರ ಕೊಡದವರ ಬಳಿಗೆ ಎರಡನೆಯ ಸಲ ಹೋಗಬೇಕಾಗಿಲ್ಲ.